ಎಲೆಕ್ಟ್ರಿಕ್ ಪಿಕಪ್ ಟ್ರಕ್: ಹೇಳಿದ್ದೆಷ್ಟು, ಬಂದಿದ್ದೆಷ್ಟು

ಇನ್ನೂ ರಸ್ತೆಗೇ ಇಳಿಯದ ಗಾಡಿಗೆ ರಿವ್ಯೂ ಹೇಗೆ ಬರೆಯೋದು ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಅಮೆರಿಕದಲ್ಲಿ ಎಲೆಕ್ಟ್ರಿಕ್ ಪಿಕಪ್ ಕಂಪನಿಗಳು ಮೊದಲು ಮಾರುವುದು ಮಾತನ್ನು, ಗಾಡಿ ಆಮೇಲೆ. ಆ ಮಾತಿಗೂ ಬೆಲೆ ಇದೆ. ಒಂದು ಕಡೆ 50 ಡಾಲರ್, ಇನ್ನೊಂದು ಕಡೆ 100 ಡಾಲರ್. ದುಡ್ಡು ಕೊಟ್ಟು ತಗೊಳ್ಳುವ ವಸ್ತು ಅಂದ ಮೇಲೆ ಅದಕ್ಕೂ ರಿವ್ಯೂ ಬರೆಯಬಹುದು, ಅಲ್ವಾ? ಬುಕಿಂಗ್ ಪೇಜಿನಲ್ಲಿ ಇರುವುದು ನಾಲ್ಕೇ ಸಂಗತಿ. ಬೆಲೆ, ರೇಂಜ್ (ಒಂದು ಸಲ ಚಾರ್ಜ್ ಮಾಡಿದರೆ ಹೋಗುವ ದೂರ), ಎಷ್ಟು ಭಾರ ಎಳೆಯುತ್ತದೆ, ಯಾವಾಗ ಕೈಗೆ ಸಿಗುತ್ತದೆ. ಆ ನಾಲ್ಕನ್ನೇ ಇಲ್ಲಿ ತೂಗಿ ನೋಡುತ್ತಿದ್ದೇನೆ.

ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿ ಅರ್ಧ ಊರಿಗೆ ಕಾರ್ ಕಂಪನಿಗಳೇ ಅನ್ನ ಹಾಕುತ್ತವೆ. ಇಲ್ಲಿ ನೆಲೆಸಿದ ಕನ್ನಡದವರಲ್ಲೂ ತುಂಬ ಜನ ಆ ಕಂಪನಿಗಳಲ್ಲೋ, ಅವಕ್ಕೆ ಪಾರ್ಟ್ಸ್ ಮಾಡಿಕೊಡುವ ಕಡೆಯೋ ಕೆಲಸ ಮಾಡುತ್ತಾರೆ. ಅದಕ್ಕೇ ಊರಿಂದ ಫೋನ್ ಬಂದರೆ ಚಳಿ ಎಷ್ಟಿದೆ ಅಂತ ಕೇಳಿದ ಮೇಲಿನ ಪ್ರಶ್ನೆ ಟೆಸ್ಲಾದ ಎಲೆಕ್ಟ್ರಿಕ್ ಪಿಕಪ್ ಸೈಬರ್‌ಟ್ರಕ್ ಬಗ್ಗೆ. ಚೆನ್ನಾಗಿದೆಯಾ, ನೀನು ತಗೊಂಡ್ಯಾ, ಒಂದು ಸಲ ಚಾರ್ಜ್ ಮಾಡಿದರೆ 800 ಕಿಲೋಮೀಟರ್ ಹೋಗುತ್ತಂತೆ ಹೌದಾ. ಇಲ್ಲ, ಹೋಗಲ್ಲ. ಆ 800ರ ಕಥೆಯಿಂದಲೇ ಶುರು ಮಾಡಬೇಕು. ಅದಕ್ಕೆ ಮುಂಚೆ ಒಂದು ಮಾತು.

ನಮ್ಮ ಕಡೆ ಪಿಕಪ್ ಅಂದರೆ ಬೊಲೆರೋ ಪಿಕಪ್. ಕೋಲಾರದ ಎಪಿಎಂಸಿಗೆ ಟೊಮೆಟೊ ಕ್ರೇಟ್ ತುಂಬಿಕೊಂಡು ಹೋಗುವ, ದುಡಿಯುವ ಗಾಡಿ. ಇಲ್ಲಿ ಪಿಕಪ್ ಮನೆಯ ಗಾಡಿಯೂ ಹೌದು. ಆಫೀಸಿಗೆ ಹೋಗೋದು, ಮಕ್ಕಳನ್ನು ಸ್ಕೂಲಿಗೆ ಬಿಡೋದು, ಭಾನುವಾರ ಸಾಮಾನು ತರೋದು, ಬೇಸಿಗೆಯಲ್ಲಿ ದೋಣಿ ಎಳೆದುಕೊಂಡು ಕೆರೆಗೆ ಹೋಗೋದು, ಎಲ್ಲಾ ಅದರಲ್ಲೇ. ಫೋರ್ಡ್‌ನ ಎಫ್-ಸೀರೀಸ್ 1977ರಿಂದ ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಗುವ ಪಿಕಪ್. ವರ್ಷಕ್ಕೆ ಏಳು ಲಕ್ಷಕ್ಕೂ ಮೇಲೆ ಹೋಗುತ್ತವೆ. ಡೆಟ್ರಾಯಿಟ್ ಕಂಪನಿಗಳ ಲಾಭದ ಗಂಟು ಇರುವುದೇ ಇಲ್ಲಿ. ಹಾಗಾಗಿ ಈ ಒಂದು ಜಾತಿಯ ಗಾಡಿಯನ್ನು ಎಲೆಕ್ಟ್ರಿಕ್ ಮಾಡಿ ಗೆದ್ದರೆ ಪೂರ್ತಿ ಮಾರುಕಟ್ಟೆ ಗೆದ್ದಂತೆ ಅಂತ 2018ರಿಂದ 2022ರವರೆಗೆ ಎಲ್ಲರೂ ನಂಬಿದರು. ಅಂಗೈಯಲ್ಲಿ ಆಕಾಶ ತೋರಿಸುವ ಸ್ಪರ್ಧೆ ಆಗಲೇ ಶುರುವಾಗಿದ್ದು.

2019ರ ನವೆಂಬರ್ 21ರಂದು ಟೆಸ್ಲಾ ಸೈಬರ್‌ಟ್ರಕ್ ತೋರಿಸಿತು. ಒಡೆಯದ ಗಾಜು ಅಂತ ಹೇಳಿ ಲೋಹದ ಗುಂಡು ಎಸೆದರು, ಎಲ್ಲರ ಎದುರೇ ಗಾಜು ಬಿರುಕು ಬಿಟ್ಟಿತು. ಜನ ನಕ್ಕರು. ನನಗೆ ಆ ಗಾಜು ದೊಡ್ಡ ವಿಷಯ ಅನಿಸಲಿಲ್ಲ. ಅವತ್ತು ಪರದೆ ಮೇಲೆ ಬಂದ ನಂಬರ್‌ಗಳನ್ನು ನೋಡಿ. ಒಂದು ಮೋಟರ್‌ನದು 39,900 ಡಾಲರ್, 250 ಮೈಲಿ. ಎರಡು ಮೋಟರ್‌ನದು 49,900 ಡಾಲರ್, 300 ಮೈಲಿ. ಮೂರು ಮೋಟರ್‌ನದು 69,900 ಡಾಲರ್, 500 ಮೈಲಿ, ಅಂದರೆ ಆ 800 ಕಿಲೋಮೀಟರ್. ಜೊತೆಗೆ 14,000 ಪೌಂಡ್, ಅಂದರೆ 6,300 ಕಿಲೋಗೂ ಜಾಸ್ತಿ ಎಳೆಯುತ್ತದೆ ಅಂದರು. 2021ರ ಕೊನೆಗೆ ಉತ್ಪಾದನೆ ಶುರು ಅಂದರು. 100 ಡಾಲರ್ ಕೊಟ್ಟರೆ ಸರದಿಯಲ್ಲಿ ಜಾಗ.

ಗಾಡಿ ಕೈಗೆ ಬಂದಿದ್ದು 2023ರ ನವೆಂಬರ್ 30ಕ್ಕೆ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಎರಡು ಮೋಟರ್‌ನದಕ್ಕೆ 79,990 ಡಾಲರ್, 340 ಮೈಲಿ. ಮೂರು ಮೋಟರ್‌ನದಕ್ಕೆ 99,990 ಡಾಲರ್, 320 ಮೈಲಿ. ಎಳೆಯುವುದು 11,000 ಪೌಂಡ್. 500 ಮೈಲಿಯ ಗಾಡಿ ಪಟ್ಟಿಯಲ್ಲೇ ಇಲ್ಲ. ನಡುವೆ ಹಣದುಬ್ಬರ ಬಂತಲ್ಲ ಅಂತ ಅಭಿಮಾನಿಗಳು ಹೇಳುತ್ತಾರೆ. ಸರಿ, ಅದನ್ನೂ ಲೆಕ್ಕಕ್ಕೆ ಹಿಡಿಯೋಣ. 2019ರ 49,900 ಡಾಲರ್ 2023ಕ್ಕೆ ಹೆಚ್ಚುಕಡಿಮೆ 60 ಸಾವಿರ ಆಗುತ್ತದೆ. ಮಿಕ್ಕ 20 ಸಾವಿರ ಎಲ್ಲಿಂದ ಬಂತು? ಅಗ್ಗದ್ದು 2025ಕ್ಕೆ 60,990ಕ್ಕೆ ಬರುತ್ತದೆ ಅಂದರು. 2025ರ ಏಪ್ರಿಲ್‌ನಲ್ಲಿ ಬಂದಾಗ ಅದು 69,990 ಆಗಿತ್ತು, ಏರ್ ಸಸ್ಪೆನ್ಷನ್ ತೆಗೆದಿದ್ದರು, ಹಿಂದೆ ಲೋಡ್ ಹಾಕುವ ಜಾಗದ ಮೇಲಿನ ಮೋಟರ್ ಮುಚ್ಚಳ ತೆಗೆದಿದ್ದರು. ಸೆಪ್ಟೆಂಬರ್‌ಗೆ ಅದೂ ಸದ್ದಿಲ್ಲದೆ ಪಟ್ಟಿಯಿಂದ ಮಾಯ.

ನನಗೆ ಎಲ್ಲಕ್ಕಿಂತ ತಮಾಷೆ ಅನಿಸಿದ್ದು ರೇಂಜ್ ಎಕ್ಸ್‌ಟೆಂಡರ್ ಅನ್ನುವ ವಸ್ತು. ರೇಂಜ್ ಕಡಿಮೆ ಆಯಿತು ಅಂತ ಗೊಣಗಿದವರಿಗೆ ಅವರು ಕೊಟ್ಟ ಸಮಾಧಾನ ಅದು. 16,000 ಡಾಲರ್ ಕೊಡಿ, ಲೋಡ್ ಹಾಕುವ ಜಾಗದಲ್ಲಿ ಮೂರನೇ ಒಂದು ಭಾಗ ನುಂಗುವ ಇನ್ನೊಂದು ಬ್ಯಾಟರಿ ಕೂರಿಸುತ್ತೇವೆ, ಆಗ 470 ಮೈಲಿ ಸಿಗುತ್ತದೆ. ಪಿಕಪ್ ತಗೊಳ್ಳುವುದೇ ಆ ಜಾಗಕ್ಕಾಗಿ. ಆಮೇಲೆ 470 ಇದ್ದದ್ದು 445 ಆಯಿತು. ಮುಂದೂಡಿದರು. 2025ರ ಮೇನಲ್ಲಿ ಮಾಡುವುದೇ ಇಲ್ಲ ಅಂತ ಹೇಳಿ ಮುಂಗಡ ವಾಪಸ್ ಕೊಟ್ಟರು. ಮಾತಿನಲ್ಲಿ ಮಾತ್ರ ಇದ್ದ ಗಾಡಿಯನ್ನು ಉಳಿಸಿಕೊಳ್ಳೋಕೆ ಮಾತಿನಲ್ಲಿ ಮಾತ್ರ ಇದ್ದ ಬ್ಯಾಟರಿ.

ಬಿಡುಗಡೆ ದಿನ ಇನ್ನೊಂದು ವಿಡಿಯೋ ತೋರಿಸಿದ್ದರು. ಸೈಬರ್‌ಟ್ರಕ್ ಹಿಂದೆ ಒಂದು ಪೋರ್ಶೆ 911 ಕಟ್ಟಿಕೊಂಡು ಪಕ್ಕದ ಇನ್ನೊಂದು 911 ಜೊತೆ ರೇಸ್ ಬಿಟ್ಟು ಗೆಲ್ಲುತ್ತದೆ. ಕಾಲು ಮೈಲಿ ಓಟ ಅಂದರು. ನೆಲದ ಗುರುತು ನೋಡಿ ಅಳೆದವರು ಅದು ಅದರ ಅರ್ಧ, ಎಂಟನೇ ಒಂದು ಮೈಲಿ ಅಷ್ಟೇ ಅಂತ ತೋರಿಸಿದರು. ಎಂಟನೇ ಒಂದು ಮೈಲಿಯಲ್ಲಿ ಗೆದ್ದರೂ ಅದು ದೊಡ್ಡ ಸಾಧನೆಯೇ ಕಣ್ರೀ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೂ ಜನ ಬಾಯಿ ಬಿಟ್ಟು ನೋಡುತ್ತಿದ್ದರು. ಆ ಗಾಡಿಯಲ್ಲಿ ನಿಜವಾಗಿ ಹೊಸದು ಇದೆ, ಇಲ್ಲ ಅನ್ನಲ್ಲ. ಸ್ಟೀರಿಂಗ್‌ಗೂ ಚಕ್ರಕ್ಕೂ ನಡುವೆ ಕಬ್ಬಿಣದ ಜೋಡಣೆ ಇಲ್ಲದೆ ವೈರ್‌ನಲ್ಲೇ ತಿರುಗುವ ವ್ಯವಸ್ಥೆ, 48 ವೋಲ್ಟ್‌ನ ವೈರಿಂಗ್, ಇವೆಲ್ಲ ಎಂಜಿನಿಯರ್‌ಗಳು ಮೆಚ್ಚುವ ಕೆಲಸ. ಯಾರೂ ಕೇಳದ 48 ವೋಲ್ಟ್ ಬಂತು, ಎಲ್ಲರೂ ಕೇಳಿದ 39,900 ಬರಲಿಲ್ಲ.

ಇದು ಒಂದು ಕಂಪನಿಯ ಕಾಯಿಲೆ ಅಂದುಕೊಳ್ಳಬೇಡಿ. ಷೆವ್ರೊಲೆ ಸಿಲ್ವರಾಡೋ ಎಲೆಕ್ಟ್ರಿಕ್ ನೋಡಿ. 2022ರ ಜನವರಿಯಲ್ಲಿ ತೋರಿಸಿದಾಗ 400 ಮೈಲಿ, ಕೆಲಸದ ಮಾಡೆಲ್ 39,900 ಡಾಲರ್‌ನಿಂದ ಶುರು ಅಂದರು. ಅದೇ 39,900! ಯಾರ ತಲೆಯಲ್ಲಿ ಆ ನಂಬರ್ ಅಷ್ಟು ಗಟ್ಟಿಯಾಗಿ ಕೂತಿತ್ತೋ. ರೇಂಜ್ ವಿಷಯದಲ್ಲಿ ಇವರು ಮಾತು ಉಳಿಸಿಕೊಂಡರು, ಹೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟರು, 450 ಮೈಲಿ ದಾಟಿತು. ಹೇಗೆ ಕೊಟ್ಟರು ಅಂದರೆ 200 ಯೂನಿಟ್‌ಗೂ ಮೇಲಿನ ಬ್ಯಾಟರಿ ತುರುಕಿ. ಬೆಸ್ಕಾಂ ಬಿಲ್‌ನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ನಮ್ಮೂರಲ್ಲಿ ಒಂದು ಸಣ್ಣ ಸಂಸಾರಕ್ಕೆ ಎರಡು ತಿಂಗಳಿಗೆ ಆಗುವಷ್ಟು ಕರೆಂಟು ಒಂದು ಗಾಡಿಯ ಹೊಟ್ಟೆಯಲ್ಲಿ. ಗಾಡಿಯ ತೂಕ 3,600 ಕಿಲೋ ದಾಟಿತು. ಆ 39,900ರ ಮಾಡೆಲ್ ಬರಲೇ ಇಲ್ಲ.

ಇದರಲ್ಲೇ ಇಡೀ ಗುಟ್ಟು ಇದೆ. ರೇಂಜ್ ಬೇಕು ಅಂದರೆ ಬ್ಯಾಟರಿ ದೊಡ್ಡದಾಗಬೇಕು, ಬ್ಯಾಟರಿ ದೊಡ್ಡದಾದರೆ ಬೆಲೆಯೂ ತೂಕವೂ ಏರುತ್ತವೆ, ತೂಕ ಏರಿದರೆ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಸೈಬರ್‌ಟ್ರಕ್‌ನ ಬ್ಯಾಟರಿ ಸುಮಾರು 123 ಯೂನಿಟ್, ಅದರಲ್ಲಿ 340 ಮೈಲಿ. ಹಾಗಾದರೆ 500 ಮೈಲಿಗೆ 180 ಯೂನಿಟ್ ಬೇಕು. ಸುಮ್ನೆ ಭಾಗಾಕಾರ ಮಾಡಿದರೆ ಸಾಕು. 2019ರಲ್ಲಿ ಆ ಮಾತು ಕೊಟ್ಟಾಗ ಅಷ್ಟು ಅಗ್ಗದ ಬ್ಯಾಟರಿ ಯಾರ ಹತ್ತಿರವೂ ಇರಲಿಲ್ಲ, ಮುಂದೆ ಬರುತ್ತದೆ ಅಂತ ಲೆಕ್ಕ ಹಾಕಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಹೊಸ ಸೆಲ್‌ನಿಂದ ಖರ್ಚು 56 ಪರ್ಸೆಂಟ್ ಇಳಿಯುತ್ತದೆ, ರೇಂಜ್ 54 ಪರ್ಸೆಂಟ್ ಏರುತ್ತದೆ ಅಂತ ದೊಡ್ಡ ಕಾರ್ಯಕ್ರಮವನ್ನೇ ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋದು ಅಂದರೆ ಇದೇ. ಬೆಲೆ, ರೇಂಜ್, ಭಾರ, ಈ ಮೂರೂ ಚೆನ್ನಾಗಿವೆ ಅಂತ ಒಂದೇ ಪುಟದಲ್ಲಿ ಹೇಳಿದರೆ ನಾನು ಆ ಪುಟವನ್ನು ಮುಚ್ಚಿಬಿಡುತ್ತೇನೆ.

ರೇಂಜ್ ಅಂತ ಹೇಳುವ ನಂಬರ್ ಖಾಲಿ ಗಾಡಿಯದ್ದು, ಇದನ್ನೂ ನೆನಪಿಡಿ. ಇಲ್ಲಿನ ಸರ್ಕಾರಿ ಸಂಸ್ಥೆ ಇಪಿಎ ಲೆಕ್ಕದಲ್ಲಿ ಊರೊಳಗಿನ ಓಡಾಟವೂ ಹೈವೇ ಓಡಾಟವೂ ಸೇರಿವೆ, ಹಿಂದೆ ಟ್ರೇಲರ್ ಇರಲ್ಲ. ಪಿಕಪ್ ತಗೊಳ್ಳುವವನು ಎಳೆಯುವುದು ದೋಣಿ, ಕ್ಯಾಂಪರ್ (ಒಳಗೆ ಮಲಗಿ ಉಳಿಯಬಹುದಾದ ಟ್ರೇಲರ್), ಕುದುರೆ ಸಾಗಿಸುವ ಟ್ರೇಲರ್. ಎತ್ತರದ ಕ್ಯಾಂಪರ್ ಕಟ್ಟಿಕೊಂಡು ಹೈವೇಗೆ ಹೋದರೆ ಗಾಳಿಯನ್ನು ತಳ್ಳುವುದಕ್ಕೇ ಅರ್ಧ ಕರೆಂಟು ಖಾಲಿ. ಯಾವ ಕಂಪನಿಯ ಗಾಡಿ ತಗೊಂಡು ಪರೀಕ್ಷೆ ಮಾಡಿದರೂ ರೇಂಜ್ ಅರ್ಧದ ಆಸುಪಾಸಿಗೆ ಇಳಿಯುವುದು ಮತ್ತೆ ಮತ್ತೆ ಕಂಡಿದೆ.

ಫೋರ್ಡ್‌ನ ಎಲೆಕ್ಟ್ರಿಕ್ ಪಿಕಪ್ ಎಫ್-150 ಲೈಟ್ನಿಂಗ್, ಅದರಲ್ಲೂ ದೊಡ್ಡ ಬ್ಯಾಟರಿಯದ್ದೇ ತಗೊಳ್ಳಿ. 131 ಯೂನಿಟ್, ಕಾಗದದ ಮೇಲೆ 320 ಮೈಲಿ. ಕ್ಯಾಂಪರ್ ಕಟ್ಟಿದರೆ 150 ಮೈಲಿ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿದರೆ 80 ಪರ್ಸೆಂಟ್ ಆದ ಮೇಲೆ ತುಂಬ ನಿಧಾನ, ಹಾಗಾಗಿ ಎಲ್ಲರೂ 80ಕ್ಕೇ ಹೊರಡುತ್ತಾರೆ. ಕೆಳಗೆ ಹತ್ತೋ ಹದಿನೈದೋ ಪರ್ಸೆಂಟ್ ಭಯಕ್ಕೆ ಅಂತ ಉಳಿಸಿಕೊಳ್ಳುತ್ತಾರೆ. ಉಳಿದಿದ್ದು ನೂರು ಮೈಲಿ, 160 ಕಿಲೋಮೀಟರ್. ಬೆಂಗಳೂರಿಂದ ಮೈಸೂರು ದಾಟುವಷ್ಟರಲ್ಲಿ ಮತ್ತೆ ಚಾರ್ಜರ್ ಹುಡುಕಬೇಕು. ಸಿಕ್ಕ ಚಾರ್ಜರ್ ಹೇಗಿರುತ್ತದೆ ಅಂದರೆ, ಕಾರ್ ನಿಲ್ಲಿಸುವಷ್ಟೇ ಉದ್ದದ ಜಾಗ, ಮುಂದೆ ಗೋಡೆ. ಟ್ರೇಲರ್ ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಚಾರ್ಜ್ ಮಾಡಿ, ಮತ್ತೆ ಹಿಂದಕ್ಕೆ ಬಂದು ಕಟ್ಟಿಕೊಂಡು ಹೋಗಬೇಕು. ಮಳೆಯಲ್ಲಿ ಈ ಕೆಲಸ ಮಾಡುವಾಗ ಸೊನ್ನೆಯಿಂದ ಅರವತ್ತಕ್ಕೆ ಎಷ್ಟು ಸೆಕೆಂಡ್ ಅನ್ನುವುದು ಯಾರಿಗೂ ನೆನಪಿರಲ್ಲ. ಪೆಟ್ರೋಲ್ ಗಾಡಿಗೂ ಭಾರ ಎಳೆದರೆ ಮೈಲೇಜ್ ಅರ್ಧ ಆಗುತ್ತದೆ, ಆದರೆ ಅದಕ್ಕೆ ಐದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ. ಇಷ್ಟು ವರ್ಷದಲ್ಲಿ ಬಿಡುಗಡೆ ಸಮಾರಂಭದ ವೇದಿಕೆ ಮೇಲೆ ನಿಂತು, ಇಷ್ಟು ಭಾರ ಎಳೆದಾಗ ಇಷ್ಟು ದೂರ ಹೋಗುತ್ತದೆ ಅಂತ ಎರಡನ್ನೂ ಒಟ್ಟಿಗೆ ದೊಡ್ಡ ಅಕ್ಷರದಲ್ಲಿ ಹಾಕಿದವರನ್ನು ನಾನು ನೋಡಿಲ್ಲ. ಒಂದು ಸ್ಲೈಡ್‌ನಲ್ಲಿ ಭಾರ, ಇನ್ನೊಂದರಲ್ಲಿ ದೂರ.

ನಂಬರ್‌ನಲ್ಲೂ ಚಮತ್ಕಾರ ಇದೆ. ಜಿಎಂಸಿ ಹಮ್ಮರ್ ಎಲೆಕ್ಟ್ರಿಕ್ ಬಂದಾಗ 11,500 ಪೌಂಡ್-ಫೀಟ್ ಟಾರ್ಕ್ (ತಿರುಗಿಸುವ ಬಲ) ಅಂತ ಬೋರ್ಡ್ ಹಾಕಿದರು. ಬೇರೆಯವರೆಲ್ಲ ಎಂಜಿನ್ ಹತ್ತಿರ ಅಳೆದು ಹೇಳುತ್ತಿದ್ದದ್ದನ್ನು ಇವರು ಗೇರ್ ದಾಟಿ ಚಕ್ರದ ಹತ್ತಿರ ಅಳೆದು ಹೇಳಿದ್ದರು. ಎಲ್ಲರೂ ಅಳೆಯುವ ಹಾಗೆ ಅಳೆದರೆ ಅದರ ಹತ್ತನೇ ಒಂದು ಭಾಗದ ಆಸುಪಾಸು. ಸುಳ್ಳು ಅನ್ನೋಕಾಗಲ್ಲ, ನಿಜ ಅನ್ನೋಕೆ ಮನಸ್ಸು ಬರಲ್ಲ. ಸಿಲ್ವರಾಡೋದವರು 2025ರಲ್ಲಿ ಒಂದೇ ಚಾರ್ಜ್‌ನಲ್ಲಿ 1,059 ಮೈಲಿ ಓಡಿಸಿ ದಾಖಲೆ ಮಾಡಿದರು. ಗಂಟೆಗೆ 20, 25 ಮೈಲಿ ವೇಗದಲ್ಲಿ. ಆ ವೇಗದಲ್ಲಿ ಇಲ್ಲಿನ ಹೈವೇಗೆ ಇಳಿದರೆ ಪೊಲೀಸ್ ಬಂದು ನಿಲ್ಲಿಸುತ್ತಾರೆ. ಪಾಪ, ಎಂಜಿನಿಯರ್‌ಗಳು ಹೇಗೆ ಓಡಿಸಿದೆವು ಅಂತ ಮುಚ್ಚಿಡದೆ ಹೇಳಿದ್ದರು. ಹಂಚಿಕೊಂಡವರು ಮಾತ್ರ ಮೊದಲ ಸಾಲು ಅಷ್ಟೇ ಹಂಚಿದರು.

ಹೊಸ ಕಂಪನಿಗಳ ಕಥೆ ಬೇರೆಯೇ, ಅದು ಬೇಗ ಮುಗಿಯುತ್ತದೆ. ನಿಕೋಲಾ ಬ್ಯಾಡ್ಜರ್, 2020ರಲ್ಲಿ 600 ಮೈಲಿ ಅಂದರು. ಆ ಕಂಪನಿ ತನ್ನ ದೊಡ್ಡ ಲಾರಿ ಓಡುತ್ತಿದೆ ಅಂತ ಹಿಂದೆ ತೋರಿಸಿದ್ದ ವಿಡಿಯೋದಲ್ಲಿ ಲಾರಿ ಇಳಿಜಾರಿನಲ್ಲಿ ತಾನಾಗಿಯೇ ಉರುಳುತ್ತಿತ್ತು ಅಂತ ಗೊತ್ತಾಯಿತು. ಪಿಕಪ್ ಬುಕಿಂಗ್ ದುಡ್ಡು ವಾಪಸ್ ಕೊಟ್ಟರು. ಸ್ಥಾಪಕ ಟ್ರೆವರ್ ಮಿಲ್ಟನ್‌ಗೆ ವಂಚನೆ ಕೇಸಿನಲ್ಲಿ ನಾಲ್ಕು ವರ್ಷ ಶಿಕ್ಷೆ ಆಯಿತು, 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಕಂಪನಿ ಅದಕ್ಕೆ ಒಂದು ತಿಂಗಳ ಮುಂಚೆ ದಿವಾಳಿ ಅರ್ಜಿ ಹಾಕಿತ್ತು. ಲಾರ್ಡ್ಸ್‌ಟೌನ್ ಎಂಡ್ಯೂರೆನ್ಸ್, ಒಹಾಯೋದಲ್ಲಿ ಜಿಎಂ (ಜನರಲ್ ಮೋಟರ್ಸ್) ಮುಚ್ಚಿದ ಕಾರ್ಖಾನೆಯನ್ನು ಕೊಂಡು ಒಂದು ಲಕ್ಷ ಬುಕಿಂಗ್ ಇದೆ ಅಂದರು. ಆ ಲಕ್ಷ ಗಟ್ಟಿ ಬುಕಿಂಗ್ ಅಲ್ಲ ಅಂತ 2021ರಲ್ಲೇ ಬಯಲಾಯಿತು, 2023ರ ಜೂನ್‌ನಲ್ಲಿ ದಿವಾಳಿ. ಫಿಸ್ಕರ್ 2023ರ ಆಗಸ್ಟ್‌ನಲ್ಲಿ ಅಲಾಸ್ಕಾ ಅನ್ನುವ ಪಿಕಪ್ ತೋರಿಸಿತು, ಮುಂದಿನ ಜೂನ್‌ನಲ್ಲಿ ಕಂಪನಿಯೇ ಮುಳುಗಿತು. ಕನೂ ಕೂಡ 2025ರ ಜನವರಿಯಲ್ಲಿ ಅದೇ ದಾರಿ. ಒಹಾಯೋದ ಆ ಜಿಎಂ ಕಾರ್ಖಾನೆಯಲ್ಲಿ ಕೆಲಸ ಹೋಗಿ, ಎಲೆಕ್ಟ್ರಿಕ್ ಟ್ರಕ್ ಬರುತ್ತದೆ, ಮತ್ತೆ ಕೆಲಸ ಬರುತ್ತದೆ ಅಂತ ನಂಬಿದ್ದ ಲಾರ್ಡ್ಸ್‌ಟೌನ್ ಜನರನ್ನು ನೆನೆದರೆ ಬೇಜಾರಾಗುತ್ತದೆ. ಬುಕಿಂಗ್ ಮಾಡಿದವನಿಗೆ ನೂರು ಡಾಲರ್ ವಾಪಸ್ ಬರುತ್ತದೆ, ಅವರಿಗೆ ಏನು ವಾಪಸ್ ಬರುತ್ತದೆ?

ರಿವಿಯನ್ ಒಂದು ಉಳಿಯಿತು. 2018ರಲ್ಲಿ ತೋರಿಸಿದ ಆರ್1ಟಿ 2021ರ ಸೆಪ್ಟೆಂಬರ್‌ನಲ್ಲಿ ಗ್ರಾಹಕರಿಗೆ ಸಿಕ್ಕಿತು, ಒಳ್ಳೆಯ ಗಾಡಿ. ಅವರೂ 2022ರ ಮಾರ್ಚ್‌ನಲ್ಲಿ ಮೊದಲೇ ಬುಕ್ ಮಾಡಿದವರಿಗೂ ಬೆಲೆ ಏರಿಸಲು ಹೋಗಿ, ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನದಲ್ಲಿ ಕ್ಷಮೆ ಕೇಳಿ ಹಿಂದೆ ಸರಿದರು. ಕ್ಷಮೆ ಕೇಳಿದ್ದಕ್ಕೆ ಅರ್ಧ ಮಾರ್ಕ್ಸ್ ಜಾಸ್ತಿ.

ರ್‍ಯಾಮ್‌ನದು ನನಗೆ ತುಂಬ ಇಷ್ಟವಾದ ಪ್ರಕರಣ. ಈ ಪಿಕಪ್ ಕಂಪನಿಯವರು 2023ರಲ್ಲಿ 1500 ರೆವ್ ಅನ್ನುವ ಎಲೆಕ್ಟ್ರಿಕ್ ಪಿಕಪ್ ತೋರಿಸಿದರು. 229 ಯೂನಿಟ್ ಬ್ಯಾಟರಿ, 500 ಮೈಲಿ, 14,000 ಪೌಂಡ್ ಎಳೆತ, 2024ರ ಕೊನೆಗೆ ಬರುತ್ತದೆ. 2024 ಕಳೆಯಿತು, 2025 ಬಂತು, ಸೆಪ್ಟೆಂಬರ್‌ನಲ್ಲಿ ಪೂರ್ತಿ ಎಲೆಕ್ಟ್ರಿಕ್ ಗಾಡಿಯನ್ನೇ ಕೈಬಿಟ್ಟರು. ಪೆಟ್ರೋಲ್ ಎಂಜಿನ್‌ನಿಂದ ಕರೆಂಟು ಮಾಡಿಕೊಂಡು ಓಡುವ ಇನ್ನೊಂದು ಮಾಡೆಲ್ ಇತ್ತು, ರ್‍ಯಾಮ್‌ಚಾರ್ಜರ್ ಅಂತ. ಸತ್ತ ಗಾಡಿಯ ರೆವ್ ಹೆಸರನ್ನು ಅದಕ್ಕೆ ಅಂಟಿಸಿದರು! ಈಗ ರೆವ್ ಅಂತ ಹುಡುಕಿದರೆ 3.6 ಲೀಟರ್ ವಿ6 ಎಂಜಿನ್ ಸಿಗುತ್ತದೆ.

ಇಷ್ಟೆಲ್ಲ ಬೈದ ಮೇಲೆ ಲೈಟ್ನಿಂಗ್ ಬಗ್ಗೆ ನ್ಯಾಯವಾಗಿ ಬರೆಯಬೇಕು. ಯಾಕೆಂದರೆ ಅದು ಇಲ್ಲೇ ಡಿಯರ್‌ಬಾರ್ನ್‌ನಲ್ಲಿ ತಯಾರಾಗಿದ್ದು, ಪರಿಚಯದವರ ಮನೆಯಲ್ಲಿದೆ, ಓಡಿಸಿ ನೋಡಿದ್ದೇನೆ. ನೋಡೋಕೆ ಮಾಮೂಲಿ ಎಫ್-150. ಸದ್ದಿಲ್ಲ, ಮುಂದೆ ಎಂಜಿನ್ ಇರಬೇಕಾದ ಕಡೆ 400 ಲೀಟರ್ ಸಾಮಾನಿನ ಜಾಗ. ಮನೆಗೆ ಕರೆಂಟು ಕೊಡುತ್ತದೆ ಅಂತ ಹೇಳಿದರಲ್ಲ, ಆ ಮಾತು ಲೆಕ್ಕಕ್ಕೆ ನಿಲ್ಲುತ್ತದೆ. ಇಲ್ಲಿನ ಮನೆಗೆ ದಿನಕ್ಕೆ 30 ಯೂನಿಟ್ ಹಿಡಿದು ಮೂರು ದಿನ ಅಂದರು, 131 ಯೂನಿಟ್ ಬ್ಯಾಟರಿಗೆ ಅದು ಕಡಿಮೆಯೇ ಹೇಳಿದ್ದು. ಅದಕ್ಕೆ ಬೇಕಾದ ಪೆಟ್ಟಿಗೆಯನ್ನು ಮನೆಯಲ್ಲಿ ಕೂರಿಸುವ ಖರ್ಚು ಬೇರೆ ಇದೆ, ಅದು ಸಣ್ಣದಲ್ಲ. ಆದರೂ 2023ರ ಫೆಬ್ರವರಿಯಲ್ಲಿ ಹಿಮ ಕಟ್ಟಿ ತಂತಿಗಳು ತುಂಡಾಗಿ ಮಿಶಿಗನ್‌ನಲ್ಲಿ ಲಕ್ಷಗಟ್ಟಲೆ ಮನೆ ಕತ್ತಲಾದಾಗ ಅಂಥ ಗಾಡಿ ಇದ್ದವರನ್ನು ಕಂಡು ಹೊಟ್ಟೆ ಉರಿದಿದ್ದು ನಿಜ.

ಗಾಡಿ ಚೆನ್ನಾಗಿದೆ, ಬೆಲೆಯ ಮಾತು ಮಾತ್ರ ನಿಲ್ಲಲಿಲ್ಲ. 2021ರ ಮೇನಲ್ಲಿ 39,974 ಡಾಲರ್. ಬುಕಿಂಗ್ ಎರಡು ಲಕ್ಷದ ಹತ್ತಿರ ಹೋಯಿತು. 2023ರ ವಸಂತಕ್ಕೆ ಅದೇ ಮಾಡೆಲ್ 59,974. ಎರಡು ವರ್ಷಕ್ಕೆ 20,000 ಡಾಲರ್ ಏರಿತು. ಮಾರಾಟ ಬಿದ್ದ ಮೇಲೆ ಆ ಜುಲೈನಲ್ಲಿ 49,995ಕ್ಕೆ ಇಳಿಸಿದರು. ವರ್ಷಕ್ಕೆ ಒಂದೂವರೆ ಲಕ್ಷ ಮಾಡುತ್ತೇವೆ ಅಂತ ಕಾರ್ಖಾನೆ ಕಟ್ಟಿದರು, 2024ರಲ್ಲಿ ಹೋಗಿದ್ದು 33 ಸಾವಿರ ಚಿಲ್ಲರೆ. ಎಲೆಕ್ಟ್ರಿಕ್ ವಿಭಾಗಕ್ಕೆ ಆ ಒಂದೇ ವರ್ಷ 5 ಬಿಲಿಯನ್ ಡಾಲರ್‌ಗೂ ಜಾಸ್ತಿ ನಷ್ಟ. 2025ರ ಡಿಸೆಂಬರ್‌ನಲ್ಲಿ ಪೂರ್ತಿ ಎಲೆಕ್ಟ್ರಿಕ್ ಲೈಟ್ನಿಂಗ್ ನಿಲ್ಲಿಸುತ್ತೇವೆ, ಮುಂದಿನದು ಒಳಗೆ ಪೆಟ್ರೋಲ್ ಜನರೇಟರ್ ಇಟ್ಟುಕೊಂಡು 700 ಮೈಲಿಗೂ ಮೇಲೆ ಹೋಗುತ್ತದೆ ಅಂತ ಘೋಷಣೆ.

ಇಲ್ಲಿ ಒಂದು ಹೊಸ ಆಟ ಶುರುವಾಗಿದೆ. ರ್‍ಯಾಮ್‌ನದು 690 ಮೈಲಿ, ಫೋರ್ಡ್‌ನದು 700. ಈ ನಂಬರ್‌ಗಳಲ್ಲಿ ಬ್ಯಾಟರಿಯದ್ದು ಎಷ್ಟು, ಪೆಟ್ರೋಲ್‌ನದು ಎಷ್ಟು ಅಂತ ಬಿಡಿಸಿ ನೋಡಬೇಕು. ರ್‍ಯಾಮ್‌ನಲ್ಲಿ ಬ್ಯಾಟರಿಯದ್ದು 145 ಮೈಲಿ, ಮಿಕ್ಕದ್ದು ಪೆಟ್ರೋಲ್ ಸುಟ್ಟು. ತಂತ್ರವಾಗಿ ಇದು ಕೆಟ್ಟದ್ದಲ್ಲ. ದಿನದ ಓಡಾಟ ಕರೆಂಟಿನಲ್ಲಿ, ಕ್ಯಾಂಪರ್ ಎಳೆಯುವ ದಿನ ಪೆಟ್ರೋಲ್ ಬಂಕ್‌ನಲ್ಲಿ. ನಾನು ಮೇಲೆ ಹೇಳಿದ ಟ್ರೇಲರ್ ಬಿಚ್ಚಿ ಕಟ್ಟುವ ಗೋಳಿಗೆ ಇದೇ ಸರಿಯಾದ ಮದ್ದು ಅಂತ ನನಗೂ ಅನಿಸುತ್ತದೆ. ಆದರೆ ಒಂದು ಗಾಡಿಯಲ್ಲಿ ಎಂಜಿನ್ನೂ, ಜನರೇಟರ್ರೂ, ಮೋಟರ್‌ಗಳೂ, 92 ಯೂನಿಟ್ ಬ್ಯಾಟರಿಯೂ ಹಾಕಿ ಅಗ್ಗವಾಗಿ ಕೊಡುತ್ತೇವೆ ಅಂದರೆ ಹೇಗೆ ಅಂತ ಕೇಳಲೇಬೇಕು. 700 ಮೈಲಿ ಬರಬಹುದು. ಬೆಲೆ ಬರೆದ ಸ್ಟಿಕ್ಕರ್ ಬರುವವರೆಗೆ ನಾನು ಚಪ್ಪಾಳೆ ತಟ್ಟಲ್ಲ.

ಈಗ ಎಲ್ಲರ ಬಾಯಲ್ಲಿರುವ ಸ್ಲೇಟ್ ಟ್ರಕ್. 2025ರ ಏಪ್ರಿಲ್‌ನಲ್ಲಿ ತೋರಿಸಿದರು, ಹಿಂದೆ ಜೆಫ್ ಬೆಜೋಸ್ ದುಡ್ಡೂ ಇದೆ. ಇವರು ಬೇರೆಯವರ ಉಲ್ಟಾ ದಾರಿ ಹಿಡಿದಿದ್ದಾರೆ. ಎರಡೇ ಸೀಟು. ಕಿಟಕಿ ಕೈಯಲ್ಲಿ ತಿರುಗಿಸಬೇಕು. ರೇಡಿಯೋ ಇಲ್ಲ, ಮನರಂಜನೆಯ ಪರದೆ ಇಲ್ಲ, ಬಣ್ಣವೂ ಇಲ್ಲ, ಬೂದು ಬಣ್ಣದ ಪ್ಲಾಸ್ಟಿಕ್ ಮೈ. 150 ಮೈಲಿ ರೇಂಜ್, ದೊಡ್ಡ ಬ್ಯಾಟರಿಗೆ 240. ಎಳೆಯುವುದು 1,000 ಪೌಂಡ್ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದಾರೆ, ಅದಕ್ಕೇ ರೇಂಜ್ ಮತ್ತು ಭಾರದ ಮಾತನ್ನು ನಾನು ನಂಬುತ್ತೇನೆ. ಇಷ್ಟು ಸಣ್ಣ ನಂಬರ್ ಸುಳ್ಳು ಹೇಳೋಕೆ ಯಾರೂ ಹೇಳಲ್ಲ. ಟಾಟಾದವರು 2022ರಲ್ಲಿ ಏಸ್ ಎಲೆಕ್ಟ್ರಿಕ್ ತಂದಾಗಲೂ 154 ಕಿಲೋಮೀಟರ್ ಅಂತಷ್ಟೇ ಹೇಳಿದ್ದು. ಊರೊಳಗೆ ಸಾಮಾನು ಹಾಕುವ ಗಾಡಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು?

ಬೆಲೆ ಮಾತ್ರ ಇಲ್ಲೂ ಆಗಲೇ ಜಾರಿದೆ. 20,000 ಡಾಲರ್ ಒಳಗೆ ಅಂತ ಕೂಗಿದ್ದರು. ಅದು ಸರ್ಕಾರದ 7,500 ಡಾಲರ್ ತೆರಿಗೆ ರಿಯಾಯಿತಿ ಕಳೆದ ಮೇಲಿನ ಲೆಕ್ಕ. 2025ರ ಸೆಪ್ಟೆಂಬರ್ 30ಕ್ಕೆ ಆ ರಿಯಾಯಿತಿ ಮುಗಿಯುವ ಹಾಗೆ ಕಾನೂನು ಬಂತು, ಇವರ ಗಾಡಿ ಬರುವುದು 2026ರ ಕೊನೆಗೆ. ಜುಲೈನಲ್ಲೇ 20,000 ಅನ್ನುವ ಸಾಲು ಅಳಿಸಿ 25 ಸಾವಿರದ ಆಸುಪಾಸು ಅಂದರು. ತಪ್ಪು ಪೂರ್ತಿ ಅವರದಲ್ಲ, ಆದರೆ ಯಾರದೋ ಜೇಬಿನ ದುಡ್ಡನ್ನು ತನ್ನ ಬೆಲೆಯಲ್ಲಿ ಸೇರಿಸಿ ಹೇಳಿದ್ದು ಅವರೇ. ರೇಡಿಯೋ, ಬಣ್ಣದ ಹೊದಿಕೆ, ಹಿಂದಿನ ಸೀಟು, ದೊಡ್ಡ ಬ್ಯಾಟರಿ ಅಂತ ಒಂದೊಂದೇ ಸೇರಿಸುತ್ತಾ ಹೋದರೆ 30 ಸಾವಿರ ಮುಟ್ಟೋದು ಕಷ್ಟ ಅಲ್ಲ. ಅಷ್ಟಕ್ಕೆ ಫೋರ್ಡ್ ಮ್ಯಾವೆರಿಕ್ ಹೈಬ್ರಿಡ್ ಸಿಗುತ್ತದೆ, ಐದು ಜನ ಕೂರಬಹುದು, ಚಾರ್ಜಿಂಗ್ ತಲೆನೋವಿಲ್ಲ. (ಆ ಮ್ಯಾವೆರಿಕ್ ಕೂಡ 2021ರಲ್ಲಿ 19,995ಕ್ಕೆ ಅಂತ ಬಂದು ಈಗ 28 ಸಾವಿರದ ಆಸುಪಾಸಿನಲ್ಲಿದೆ. ಅಗ್ಗದ ಪಿಕಪ್ ಅನ್ನುವ ಪ್ರಾಣಿ ಪೆಟ್ರೋಲ್‌ನಲ್ಲೂ ಉಳಿಯಲ್ಲ.) ಇಂಡಿಯಾನಾದ ವಾರ್ಸಾದಲ್ಲಿ ಹಳೆಯ ಪ್ರಿಂಟಿಂಗ್ ಕಾರ್ಖಾನೆಯನ್ನು ಕಾರ್ ಕಾರ್ಖಾನೆ ಮಾಡುತ್ತಿದ್ದಾರೆ. ಮೊದಲ ಸಲ ಗಾಡಿ ತಯಾರಿಸುವವರು ಹೇಳಿದ ದಿನಕ್ಕೆ ಹೇಳಿದಷ್ಟು ಗಾಡಿ ತಯಾರಿಸಿದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು ಫೋರ್ಡ್‌ನ 30,000 ಡಾಲರ್ ಪಿಕಪ್, 2027ಕ್ಕೆ, ಲೂಯಿವಿಲ್ ಕಾರ್ಖಾನೆಯಿಂದ. ನಾಲ್ಕು ಬಾಗಿಲು, ಅಗ್ಗದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, 20 ಪರ್ಸೆಂಟ್ ಕಡಿಮೆ ಬಿಡಿಭಾಗ. ಮಾಡಬಲ್ಲ ಕಂಪನಿ, ಇರುವ ಕಾರ್ಖಾನೆ, ಚಿಕ್ಕ ಬ್ಯಾಟರಿ ಸಾಕು ಅನ್ನುವ ಸರಿಯಾದ ಆಲೋಚನೆ. ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಇದನ್ನೇ. ಆದರೂ 2025ರ ಆಗಸ್ಟ್‌ನಲ್ಲಿ ಅವರು ಬೆಲೆ ಹೇಳಿದರು, ರೇಂಜ್ ಹೇಳಲಿಲ್ಲ. ದಾರಿ ಎಷ್ಟು ದೂರ ಅಂತ ಹೇಳದೆ ಟಿಕೆಟ್ ದರ ಮಾತ್ರ ಹೇಳಿದರೆ ಬಸ್ ಹತ್ತುತ್ತೀರಾ? 39,974 ಅಂತ ಹೇಳಿ 59,974 ಮಾಡಿದ್ದೂ ಇದೇ ಕಂಪನಿ.

ಬುಕಿಂಗ್ ಸಂಖ್ಯೆ ನೋಡಿ ಮರುಳಾಗಬೇಡಿ, ಇದೊಂದನ್ನು ಒತ್ತಿ ಹೇಳುತ್ತೇನೆ. ಸೈಬರ್‌ಟ್ರಕ್‌ಗೆ ಹತ್ತು ಲಕ್ಷಕ್ಕೂ ಜಾಸ್ತಿ ಬುಕಿಂಗ್ ಅಂದರು, ವರ್ಷಕ್ಕೆ ಎರಡೂವರೆ ಲಕ್ಷ ಮಾಡುತ್ತೇವೆ ಅಂದರು. 2025ರ ಮಾರ್ಚ್‌ನಲ್ಲಿ ಒಂದು ಅಂಚಿನ ಪಟ್ಟಿ ಕಳಚಿ ಬೀಳುತ್ತದೆ ಅಂತ ಹೆಚ್ಚುಕಡಿಮೆ ಎಲ್ಲಾ ಗಾಡಿಗಳನ್ನು ರೀಕಾಲ್ ಮಾಡಬೇಕಾಯಿತು. ಆಗ ಕಾಗದದಲ್ಲಿ ಇದ್ದ ಸಂಖ್ಯೆ 46,096. ಹದಿನೈದು ತಿಂಗಳಿಗೆ ಅಷ್ಟು. ವಾಪಸ್ ಸಿಗುವ ನೂರು ಡಾಲರ್ ಕೊಡೋದು ಸುಲಭ, 80 ಸಾವಿರದ ಸಾಲಕ್ಕೆ ಸಹಿ ಹಾಕೋದು ಬೇರೆ.

ಹಾಗಾದರೆ ಈಗ ಏನು ತಗೊಳ್ಳೋದು ಅಂತ ಕೇಳುವವರಿಗೆ: ಟ್ರೇಲರ್ ಎಳೆದುಕೊಂಡು ದೂರ ಹೋಗುವವರಾದರೆ ಎಲೆಕ್ಟ್ರಿಕ್ ಬೇಡ, ಮಾಮೂಲಿ ಹೈಬ್ರಿಡ್ ನೋಡಿ. ಮನೆಯಲ್ಲಿ ಗ್ಯಾರೇಜ್ ಇದೆ, ದಿನಕ್ಕೆ ಐವತ್ತು ಮೈಲಿ ಓಡಾಟ, ವರ್ಷಕ್ಕೆ ಎರಡು ಸಲ ಪ್ಲೈವುಡ್ ಹೊರಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಲೈಟ್ನಿಂಗ್ ಹುಡುಕಿ. ಹೊಸದರ ಬೆಲೆಗೆ ಹೋಲಿಸಿದರೆ ತುಂಬ ಇಳಿದಿದೆ. ಬ್ಯಾಟರಿಗೆ ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿ ವಾರಂಟಿ ಇದೆ, ಎಷ್ಟು ಉಳಿದಿದೆ ಅಂತ ನೋಡಿಕೊಳ್ಳಿ. 131 ಯೂನಿಟ್‌ದೇ ತಗೊಳ್ಳಿ, ಚಿಕ್ಕದು ಇಲ್ಲಿನ ಚಳಿಗಾಲದಲ್ಲಿ ಸಾಕಾಗಲ್ಲ. 2024ರ ಮಾಡೆಲ್‌ನಿಂದ ಕಡಿಮೆ ಕರೆಂಟಿನಲ್ಲಿ ಗಾಡಿ ಬಿಸಿ ಮಾಡುವ ಹೀಟ್ ಪಂಪ್ ಬರುತ್ತದೆ, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ಅದನ್ನೇ ಹುಡುಕಿ.